ಹಿಟ್ಟು ತಿಗಣೆ ಸಾಕಿದ ವರ್ಷ

ಹೊಟ್ಟಿನ ಖೋಲಿಯ ಬಾಗಿಲು ತೆಗೆದ ಅವ್ವ ಹಂಗೇ ನಿಂತುಬಿಟ್ಟಳು. ಒಳಗೆ ಹಲಗೆಯ ಮೇಲೆ ಸಾಲಾಗಿ ಹನ್ನೆರಡು ಕುಂಬಳಕಾಯಿ. ಗಾರಗಿಗೆ ಅಂತ ಇಟ್ಟಿದ್ದ, ಚೆನ್ನಾಗಿ ಬಲಿತು ಕೆಂಪಾದ ಕಾಯಿಗಳು. ಅವುಗಳ ಮೈಮೇಲೆ ವಿಭೂತಿ ಬಳಿದ ಹಾಗೆ ಬಿಳಿ ಹಿಟ್ಟು. ಹತ್ತಿರ ಹೋಗಿ ನೋಡಿದರೆ ಆ ಹಿಟ್ಟು ಮೆಲ್ಲಗೆ ಸರಿದಾಡುತ್ತಿತ್ತು.

"ತ್ವಾಟದಾಗಿನ ರೋಗ ಸಾಲಲಿಲ್ಲಂತ ಮನಿಗೆ ತಂದು ಕುಂಬಳಕಾಯಿ ತಿನ್ನಸಾಕತ್ತೀಯೇನೋ ತಮ್ಮಾ?"

ಏನು ಉತ್ತರ ಕೊಡುವುದು? ಆಕೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಮ್ಮ ಪೇರಲ ತೋಟ ಹಾಳು ಮಾಡಿದ ಹಿಟ್ಟು ತಿಗಣೆಯನ್ನೇ ನಾನು ಮನೆಯಲ್ಲಿ ತಿನ್ನಿಸಿ ಬೆಳೆಸುತ್ತಿದ್ದೆ. ಅದೂ ಸರಿಯಾಗಿ ಬೆಳೆಯುತ್ತಿಲ್ಲ ಅಂತ ರಾತ್ರಿ ನಿದ್ದೆಗೆಟ್ಟು.

ನಮ್ಮದು ನವಲೂರು. ಹುಬ್ಬಳ್ಳಿ ಧಾರವಾಡದ ನಡುವೆ ಓಡಾಡಿದವರಿಗೆ ರಸ್ತೆ ಬದಿ ಬುಟ್ಟಿಯಲ್ಲಿ ಪೇರಲ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳು ನೆನಪಿದ್ದಾರು. ರಸ್ತೆ ಅಗಲವಾಗಿ ಚಿಗರಿ ಬಸ್ಸು ಬಂದ ಮೇಲೆ, ಸುತ್ತ ಲೇಔಟುಗಳು ಎದ್ದ ಮೇಲೆ ತೋಟಗಳು ಕಡಿಮೆಯಾಗಿವೆ. ನಮ್ಮ ಒಂದೂವರೆ ಎಕರೆ ಇನ್ನೂ ಉಳಿದಿದೆ ಅಂದರೆ ಅದಕ್ಕೆ ಕಾಕಾ ಕಾರಣ. ಅಪ್ಪ ತೀರಿಕೊಂಡ ಮೇಲೂ ಮಾರೋಣ ಅನ್ನುವ ಮಾತನ್ನು ಅವರು ಹತ್ತಿರ ಸುಳಿಯಗೊಟ್ಟಿಲ್ಲ. ನಾನು ಧಾರವಾಡದಲ್ಲಿ ನೌಕರಿ ಮಾಡಿಕೊಂಡು ಬೆಳಿಗ್ಗೆ ಸಂಜೆ ತೋಟಕ್ಕೆ ಹೋಗುವವ, ಅಂದರೆ ಅರ್ಧ ರೈತ.

ಹಿಂದಿನ ವರ್ಷ ಸಂಕ್ರಾಂತಿಯ ಹೊತ್ತಿಗೆ ಕಾಯಿಗಳ ತೊಟ್ಟಿನ ಸುತ್ತ, ಎಲೆಯ ಅಡಿಗೆ, ಟೊಂಗೆಯ ಸಂದಿಯಲ್ಲಿ ಎಲ್ಲ ಕಡೆ ಹತ್ತಿ ತುರುಕಿದ ಹಾಗೆ ಬೆಳ್ಳಗಾಗಿತ್ತು. ಹಿಟ್ಟು ತಿಗಣೆ ರಸ ಹೀರುವುದಷ್ಟೇ ಆಗಿದ್ದರೆ ಮರ ಹೇಗೋ ತಾಳಿಕೊಳ್ಳುತ್ತಿತ್ತು. ಅದು ಹೀರಿದ್ದರಲ್ಲಿ ಹೆಚ್ಚಾದ ಸಿಹಿಯನ್ನು ಅಂಟಾಗಿ ಹೊರಗೆ ಬಿಡುತ್ತದೆ. ಆ ಅಂಟು ಕೆಳಗಿನ ಎಲೆ, ಕಾಯಿಗಳ ಮೇಲೆ ಬೀಳುತ್ತದೆ, ಅದರ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಹಣ್ಣು ಒಳಗೆ ಸಕ್ಕರೆ ಇದ್ದರೂ ಹೊರಗೆ ನೋಡಿದರೆ ಒಲೆಯೊಳಗಿಂದ ತೆಗೆದ ಹಾಗಿರುತ್ತದೆ. ತೋಟ ಹಿಡಿಯುವ ಗುತ್ತಿಗೆದಾರ ಒಂದು ಹಣ್ಣು ಕಿತ್ತು ಲುಂಗಿಗೆ ಒರೆಸಿದ, ಲುಂಗಿಯ ಮೇಲಿನ ಮಸಿ ನೋಡಿದ, ಮಾತಾಡದೆ ಗಾಡಿ ಹತ್ತಿದ.

ಎಣ್ಣೆ, ಅಂದರೆ ಕೀಟನಾಶಕ, ಹೊಡೆಯಲಿಲ್ಲವೆ ಅಂದರೆ, ಹೊಡೆದೆವು. ಗೊಬ್ಬರದ ಅಂಗಡಿಯವರು ಕೊಟ್ಟದ್ದನ್ನೆಲ್ಲ ಹೊಡೆದೆವು: ಪ್ರೊಫೆನೋಫಾಸ್, ಕ್ಲೋರ್‌ಪೈರಿಫಾಸ್, ಎರಡೂ ಕಲಸಿದ್ದು. ಹೊಡೆದ ಮೂರು ದಿನ ಮರ ಸ್ವಚ್ಛ ಕಾಣುತ್ತಿತ್ತು, ಮೂರು ವಾರಕ್ಕೆ ಮೊದಲಿಗಿಂತ ಜಾಸ್ತಿ. ಆ ಬಿಳಿ ಹಿಟ್ಟು ಮೇಣ. ನೀರಿನಲ್ಲಿ ಕಲಸಿದ ಔಷಧಿ ಅದರ ಮೇಲೆ ಕೆಸವಿನ ಎಲೆಯ ಮೇಲಿನ ಹನಿಯಂತೆ ಉರುಳಿ ಬೀಳುತ್ತದೆ. ಮೊಟ್ಟೆಗಳು ಹತ್ತಿಯಂಥ ಚೀಲದೊಳಗೆ ನೂರಾರು ಬೆಚ್ಚಗೆ ಕೂತಿರುತ್ತವೆ. ತೊಗಟೆಯ ಬಿರುಕಿನಲ್ಲಿದ್ದವಕ್ಕೆ ಪಂಪಿನ ಹನಿ ಮುಟ್ಟುವುದೇ ಇಲ್ಲ. ಬಯಲಲ್ಲಿ ಓಡಾಡಿಕೊಂಡು ತಿಗಣೆಯನ್ನು ತಿನ್ನುವ ಹುಳುಗಳು ಮಾತ್ರ ಮೊದಲ ಪಂಪಿಗೇ ಸಾಯುತ್ತವೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ನನಗೆ ಗೊತ್ತಿದ್ದದ್ದು ಒಂದೇ, ಅಂಗಡಿಯ ಬಾಕಿ.

ಸೆಪ್ಟೆಂಬರಿನಲ್ಲಿ ಧಾರವಾಡದ ಕೃಷಿ ಮೇಳ. ಯತ್ತಿನಗುಡ್ಡದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಆ ನಾಲ್ಕು ದಿನ ಜಾತ್ರೆಯ ಗದ್ದಲ. ಮಗಳು ಕೀಟ ಪ್ರಪಂಚದ ಪ್ರದರ್ಶನ ನೋಡಬೇಕು ಅಂತ ಹಟ ಹಿಡಿದಳು, ಸಾಲಿನಲ್ಲಿ ನಿಂತೆವು. ಒಳಗೆ ಒಂದು ಮೇಜಿನ ಮೇಲೆ ನನ್ನ ಶತ್ರು ಮೈಯೆಲ್ಲ ಹತ್ತಿಕೊಂಡ ಒಂದು ಕುಂಬಳಕಾಯಿ. ಪಕ್ಕದ ಡಬ್ಬಿಯಲ್ಲಿ ಮೆಣಸಿನಕಾಳಿನಷ್ಟು ದೊಡ್ಡ ಹುಳುಗಳು. ಕಪ್ಪು ಬೆನ್ನು, ತಲೆ ಮತ್ತು ಬಾಲದ ಕಡೆ ಇಟ್ಟಂಗಿ ಬಣ್ಣ. ಗುಲಗಂಜಿ ಹುಳುವಿನ ಜಾತಿ ಅಂತ ಬರೆದಿತ್ತು, ಆದರೆ ಗುಲಗಂಜಿಯ ಕೆಂಪೂ ಇಲ್ಲ, ಹೊಳಪೂ ಇಲ್ಲ. ಹೆಸರು ಕ್ರಿಪ್ಟೋಲೇಮಸ್.

ಮೇಜಿನ ಹಿಂದೆ ನಿಂತಿದ್ದ ಹುಡುಗ, ಎಂ.ಎಸ್ಸಿ. ಓದುವವನಿರಬೇಕು, ಉತ್ಸಾಹದಿಂದ ಹೇಳಿದ. ಇದು ಆಸ್ಟ್ರೇಲಿಯಾದ ಹುಳು. 1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟವನ್ನು ತಿನ್ನಲಿ ಅಂತ ನಮ್ಮ ದೇಶಕ್ಕೆ ತಂದರು. ಅದು ಕರೆಸಿದ ಕೆಲಸವನ್ನು ಸರಿಯಾಗಿ ಮಾಡಲಿಲ್ಲ, ಹಿಟ್ಟು ತಿಗಣೆಯ ಬೆನ್ನು ಹತ್ತಿತು, ಹಾಗೇ ಇಲ್ಲೇ ಉಳಿಯಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ದ್ರಾಕ್ಷಿ, ಪೇರಲ, ಲಿಂಬೆಗಳಲ್ಲಿ ಬಿಟ್ಟು ನೋಡಿ ಇದರ ಉಪಯೋಗ ತೋರಿಸಿಕೊಟ್ಟಿದ್ದಾರೆ. ಒಂದು ಮರಿಹುಳು ದೊಡ್ಡದಾಗುವಷ್ಟರಲ್ಲಿ ತಿಗಣೆಯ ಮರಿಗಳಾದರೆ ಮುನ್ನೂರರಷ್ಟು, ಮೊಟ್ಟೆಗಳಾದರೆ ಸಾವಿರದ ಆಸುಪಾಸು ತಿನ್ನುತ್ತದೆ.

"ಹಂಗಾರ ಒಂದು ಡಬ್ಬಿ ಕೊಡ್ರಲ್ಲ" ಅಂದೆ.

"ಕೊಡಬಹುದ್ರಿ ಸರ್. ಆದ್ರ ನೀವ ಬೆಳಸ್ಕೊಳ್ಳೋದು ಚಲೋ. ಮೊದಲ ಹಿಟ್ಟು ತಿಗಣಿ ಬೆಳಸೋದು ಕಲೀರಿ. ಅದು ಬಂದ್ರ ಇದು ಬಂದಂಗ."

ಕಾಕಾ ಇದಕ್ಕೆ ಒಪ್ಪುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಆದರೆ ಹುಳುವನ್ನು ಹುಳು ತಿನ್ನುವುದನ್ನು ಅವರು ನನಗಿಂತ ಮೊದಲೇ ಕಂಡಿದ್ದರು. ಕಲಘಟಗಿ ಕಡೆ ಅವರ ಮಾವನ ಮನೆಯ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಿದ್ದದ್ದು ಅವರಿಗೆ ನಿನ್ನೆ ಮೊನ್ನೆಯಂತೆ ನೆನಪಿದೆ. 2002ರಲ್ಲಿ ಸಾಂಗ್ಲಿ ಕಡೆ ಕಾಣಿಸಿಕೊಂಡು ನಮ್ಮ ಭಾಗಕ್ಕೆ ಹಬ್ಬಿದ ಪಿಡುಗು ಅದು. ಗರಿಯ ಅಡಿಗೆಲ್ಲ ಉಣ್ಣೆ, ಗದ್ದೆಯೊಳಗೆ ಹೋದರೆ ತಲೆಯ ಮೇಲೆ ಹಿಟ್ಟು ಉದುರುತ್ತಿತ್ತು. ಎಣ್ಣೆ ಹೊಡೆದು ಹೊಡೆದು ಸೋತ ಮೇಲೆ ಡೈಫಾ ಅನ್ನುವ ಪತಂಗದ ಮರಿಹುಳು, ಮೈಕ್ರೋಮಸ್ ಅನ್ನುವ ಜಾಲರೆಕ್ಕೆಯ ಕೀಟ ತಾವಾಗಿ ಹೆಚ್ಚಿ ಹೇನನ್ನು ತಿನ್ನತೊಡಗಿದವು. ಆ ಹುಳುಗಳಿದ್ದ ಗರಿಗಳನ್ನು ಕೊಯ್ದು ಬೇರೆ ಹೊಲದ ಕಬ್ಬಿಗೆ ಸಿಕ್ಕಿಸುತ್ತಿದ್ದರಂತೆ. "ನಾನ ಎತ್ತಿನ ಗಾಡ್ಯಾಗ ಗರಿ ಹೊತ್ತೇನಿ" ಅಂದರು ಕಾಕಾ. ಮುಂದೆ ಒಂದು ಮಾತು ಸೇರಿಸಿದರು: "ಆದ್ರ ಅವನ್ನ ಯಾರೂ ಮನ್ಯಾಗ ಸಾಕಿದ್ದಿಲ್ಲ ಬಿಡು."

ಸಾಕುವುದು ಸುಲಭ ಅಂದುಕೊಂಡಿದ್ದೆ. ಬೇಡವೆಂದರೂ ಬರುವ ಹುಳು, ಬಾ ಅಂದರೆ ಬರದೆ ಇರುತ್ತದೆಯೆ? ಮೊದಲ ಸಲ ಗಾರಗಿಗೆ ಅಂತ ಇಟ್ಟಿದ್ದ ಹನ್ನೆರಡು ಕುಂಬಳಕಾಯಿ ತೆಗೆದುಕೊಂಡು, ಹಿತ್ತಲ ದಾಸವಾಳದಲ್ಲಿದ್ದ ತಿಗಣೆಯ ಟೊಂಗೆಗಳನ್ನು ಅವುಗಳ ಮೇಲೆ ಹೊದಿಸಿ ಬಂದೆ. ಅವ್ವ ಬಾಗಿಲು ತೆಗೆದು ನೋಡಿದ್ದು ಇದನ್ನೇ. ಆಕೆ ನೋಡಿದ ಹತ್ತು ದಿನಕ್ಕೆ ಹನ್ನೆರಡರಲ್ಲಿ ಏಳು ಕೊಳೆತವು. ಒಂದು ಕಾಯಂತೂ ಎತ್ತಲು ಹೋದರೆ ಕೈಯಲ್ಲೇ ಕುಸಿದು ಒಳಗಿನದೆಲ್ಲ ಅಂಗಿಯ ಮೇಲೆ. ಆ ವಾಸನೆ ಖೋಲಿಯಿಂದ ಹೋಗಲು ಒಂದು ವಾರ ಬೇಕಾಯಿತು. ಉಳಿದ ಐದರ ಮೇಲಿದ್ದ ತಿಗಣೆಯನ್ನು ಒಂದೇ ರಾತ್ರಿಯಲ್ಲಿ ಇರಿವಿಗಳು ಹೊತ್ತವೋ ತಿಂದವೋ, ಬೆಳಿಗ್ಗೆ ಅರ್ಧಕ್ಕರ್ಧ ಖಾಲಿ.

ಯತ್ತಿನಗುಡ್ಡಕ್ಕೆ ಮತ್ತೆ ಹೋದೆ. ಅಲ್ಲಿ ಒಬ್ಬರು ತಾಳ್ಮೆಯಿಂದ ಕೂರಿಸಿ ಹೇಳಿದರು. ಕಾಯಿ ಆರಿಸುವುದರಿಂದಲೇ ಕೆಲಸ ಶುರು. ಪೂರ್ತಿ ಬಲಿತಿರಬೇಕು, ತೊಟ್ಟು ಇರಲೇಬೇಕು, ಏಣುಗಳು ಆಳವಾಗಿರಬೇಕು. ತಿಗಣೆಯ ಮರಿಗಳಿಗೆ ಕೂರಲು ಆ ತಗ್ಗುಗಳೇ ಬೇಕು, ನುಣುಪು ಕಾಯಿಯ ಮೇಲೆ ಅವು ನಿಲ್ಲುವುದಿಲ್ಲ. ಕಾಯಿಯನ್ನು ತೊಳೆದು ಕಾರ್ಬೆಂಡೆಜಿಂ ಅನ್ನುವ ಬೂಷ್ಟುನಾಶಕ ಕಲಸಿದ ನೀರಿನಲ್ಲಿ, ಲೀಟರಿಗೆ ಒಂದು ಗ್ರಾಮಿನಂತೆ, ಮುಳುಗಿಸಿ ತೆಗೆದು ನೆರಳಲ್ಲಿ ಆರಿಸಬೇಕು. ಎಲ್ಲಿ ಉಗುರು ತಾಗಿದ ಗಾಯವಿದ್ದರೂ ಕರಗಿಸಿದ ಮೇಣದಿಂದ ಮುಚ್ಚಬೇಕು, ಕೊಳೆಯುವುದು ಅಲ್ಲಿಂದಲೇ. ಟೊಂಗೆ ಹೊದಿಸಬಾರದು. ಮೊಟ್ಟೆಚೀಲವನ್ನಷ್ಟೇ ಮೆತ್ತನೆಯ ಕುಂಚದಿಂದ ಎತ್ತಿ ತೊಟ್ಟಿನ ಸುತ್ತ ಇಡಬೇಕು. ಆಮೇಲೆ ಖೋಲಿಯನ್ನು ಕತ್ತಲು ಮಾಡಬೇಕು. ಬೆಳಕಿದ್ದರೆ ಮರಿಗಳು ಬೆಳಕಿನ ಕಡೆ ಹರಿದುಹೋಗುತ್ತವೆ.

ಈ ಸಲ ಮೇಜಿನ ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲು ಇಟ್ಟೆ. ಹಿಂದೆ ಉಪ್ಪಿನಕಾಯಿಯ ಭರಣಿಗೆ ಅವ್ವ ಹೀಗೇ ಇಡುತ್ತಿದ್ದಳು, ನನಗೇ ಹೊಳೆದಿರಲಿಲ್ಲ. ಕುಂಚ ಮಗಳ ಬಣ್ಣದ ಪೆಟ್ಟಿಗೆಯದು. ದಾಸವಾಳದ ಚಿಗುರಿನ ಮುಂದೆ ಕೂತು ಒಂದೊಂದೇ ಮೊಟ್ಟೆಚೀಲ ಎತ್ತಿ ತಟ್ಟೆಗೆ ಹಾಕುವಾಗ ದಾರಿಯಲ್ಲಿ ಹೋಗುವವರೊಬ್ಬರು ನಿಂತು, "ಪೂಜಾಕ್ಕ ಹೂವೇನ್ರಿ?" ಅಂತ ಕೇಳಿದರು. ಹೌದು ಅಂದುಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರು ಹೋದ ಮೇಲೆ ನಾನೂ ನೋಡಿಕೊಂಡೆ, ಹೆಗಲ ಮೇಲೆ ನಿಜಕ್ಕೂ ಬಿಳಿ ಹಿಟ್ಟಿತ್ತು.

ಎರಡು ವಾರಕ್ಕೆ ಕುಂಬಳಕಾಯಿಗಳು ಬೆಳ್ಳಗಾದವು. ಎರಡನೆಯ ಸಲ ಹಾಕಿದ ಹತ್ತರಲ್ಲಿ ಒಂದೇ ಕೊಳೆತದ್ದು. ಒಳಗೊಳಗೇ ಹೆಮ್ಮೆ ಪಟ್ಟೆ ಅಂತ ಹೇಳಿಕೊಳ್ಳಲು ನಾಚಿಕೆ, ಆದರೆ ಪಟ್ಟದ್ದು ನಿಜ. ಒಂದು ಕಾಯನ್ನು ಕಾಕಾನ ಮುಂದೆ ಹಿಡಿದು, "ಹೆಂಗ ಬೆಳದಾವ ನೋಡ್ರಿ" ಅಂದೆ. ಅವರು ನನ್ನ ಮುಖವನ್ನೇ ನೋಡಿದರು.

ಹುಳುಗಳು ಬೆಂಗಳೂರಿನಿಂದ ಬಂದವು. ಅಲ್ಲಿ ಕೆಲಸಕ್ಕಿರುವ ತಂಗಿಯ ಮಗ ದೀಪಾವಳಿಯ ರಜೆಗೆ ರಾಣಿ ಚೆನ್ನಮ್ಮ ರೈಲಿನಲ್ಲಿ ಬರುವವನಿದ್ದ, ಅವನ ಕೈಗೆ ತರಿಸಿಕೊಂಡೆ. ಸಣ್ಣ ತೂತುಗಳಿದ್ದ ಡಬ್ಬಿ, ಒಳಗೆ ಮುದುಡಿದ ಕಾಗದದ ಪಟ್ಟಿಗಳು, ಮುಚ್ಚಳಕ್ಕೆ ಒಂದು ಹನಿ ಜೇನು, ಅರವತ್ತು ಹುಳು. ಧಾರವಾಡ ಸ್ಟೇಷನ್ನಿನಲ್ಲಿ ಇಸಿದುಕೊಂಡು ಚಿಗರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಬಸ್ಸಿನ ಎ.ಸಿ. ಅವುಗಳಿಗೆ ತಣ್ಣಗಾದೀತು ಅಂತ ಕರವಸ್ತ್ರ ಸುತ್ತಿದ್ದೆ. ಪಕ್ಕ ಕೂತವರು ಪೇಡೆ ಅಂದುಕೊಂಡಿರಬೇಕು.

ಗಂಡು ಹೆಣ್ಣು ಗೊತ್ತು ಮಾಡುವ ಉಪಾಯವನ್ನು ಯತ್ತಿನಗುಡ್ಡದಲ್ಲಿ ಹೇಳಿಕೊಟ್ಟಿದ್ದರು. ಮುಂಗಾಲಿನ ಬಣ್ಣ ನೋಡಬೇಕು, ಗಂಡಿನದು ಹಳದಿ ಮಿಶ್ರಿತ ಕಂದು, ಹೆಣ್ಣಿನದು ಕಪ್ಪು. ಮಗಳು ಭೂತಗನ್ನಡಿ ಹಿಡಿದು ಗಾಜಿನ ಲೋಟದೊಳಗೆ ಒಂದೊಂದನ್ನೇ ಬಿಟ್ಟು, ಅದು ಗಾಜನ್ನು ಹತ್ತುವಾಗ ಕೆಳಗಿನಿಂದ ಕಾಲು ನೋಡಿ ಎಣಿಸಿದಳು. ಮೂವತ್ತೈದು ಹೆಣ್ಣು, ಇಪ್ಪತ್ನಾಲ್ಕು ಗಂಡು. ಒಂದು ಹಾರಿಹೋಯಿತು.

ಹಳೆಯ ಸೊಳ್ಳೆಪರದೆ ಹೊಲಿದು ಪಂಜರ ಮಾಡಿ ಅದರೊಳಗೆ ಕುಂಬಳಕಾಯಿಗಳನ್ನು, ಹುಳುಗಳನ್ನು ಬಿಟ್ಟೆ. ಹೆಣ್ಣು ಹುಳು ತಿಗಣೆಯ ಮೊಟ್ಟೆಚೀಲದೊಳಗೇ ತನ್ನ ಮೊಟ್ಟೆ ಇಡುತ್ತದೆ. ಹುಟ್ಟಿದ ಮರಿ ಬಾಯಿ ತೆರೆದರೆ ಊಟ ಅಲ್ಲೇ. ಐದಾರು ದಿನಕ್ಕೆ ಮೊಟ್ಟೆ ಒಡೆಯಬೇಕು, ಒಟ್ಟು ಒಂದು ತಿಂಗಳಿಗೆ ಹೊಸ ಹುಳು ಬರಬೇಕು ಅನ್ನುವುದು ಲೆಕ್ಕ. ಹದಿನೈದು ದಿನವಾದರೂ ನನಗೆ ಏನೂ ಕಾಣಲಿಲ್ಲ. ಕಾಣುತ್ತಿದ್ದದ್ದು ತಿಗಣೆಗಳೇ, ಅದೂ ಹಿಂದೆಂದೂ ಕಾಣದಷ್ಟು ದೊಡ್ಡವು. ಒಂದು ಹೆಬ್ಬೆರಳ ಉಗುರಿನಷ್ಟು ಉದ್ದವಿತ್ತು, ಮೈಯೆಲ್ಲ ಬಿಳಿ ನೂಲು ನೂಲು. ಎರಡನ್ನು ಕಾಯಿಯಿಂದ ಎತ್ತಿ ಕಾಲಲ್ಲಿ ಹೊಸಕಿದೆ. ಮೂರನೆಯದನ್ನು ಕುಂಚದಿಂದ ಮುಟ್ಟಿದರೆ ಅದು ಓಡಿತು. ಹಿಟ್ಟು ತಿಗಣೆ ಓಡುವುದಿಲ್ಲ. ದರಿದ್ರ ತಲೆಗೆ ಆಗ ಹೊಳೆಯಿತು, ಇವೇ ಕ್ರಿಪ್ಟೋಲೇಮಸ್ಸಿನ ಮರಿಗಳು. ತಾನು ತಿನ್ನುವುದರ ವೇಷವನ್ನೇ ಹಾಕಿಕೊಂಡು ಅದರ ಮಧ್ಯದಲ್ಲೇ ಕೂತು ತಿನ್ನುವ ಹುಳು. ಮೇಳದ ಹುಡುಗ ಇದನ್ನೂ ಹೇಳಿದ್ದ, ನಾನು ತಲೆಯಾಡಿಸಿದ್ದೆ.

ಅವತ್ತಿನಿಂದ ಮಗಳು ಖೋಲಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು: "ಅಪ್ಪ, ಓಡುವುದನ್ನು ಕೊಲ್ಲಬೇಡ."

ಡಿಸೆಂಬರಿನ ಚಳಿಗೆ ಎಲ್ಲ ನಿಧಾನವಾಯಿತು. ನಮ್ಮ ಕಡೆ ಹಗಲು ಬಿಸಿಲಿದ್ದರೂ ರಾತ್ರಿ ಗಡಗಡ, ಈ ಹುಳುವಿಗೆ ಚಳಿಯಲ್ಲಿ ಹಸಿವೂ ಇಲ್ಲ, ಮೊಟ್ಟೆಯೂ ಇಲ್ಲ. ಪಂಜರದ ಕೆಳಗೆ ರಾತ್ರಿ ಹೊತ್ತು ಹಳೆಯ ಅರವತ್ತು ವ್ಯಾಟಿನ ಬಲ್ಬು ಉರಿಸಿ, ಒಂದು ಮೂಲೆಯಲ್ಲಿ ಹಸಿ ಗೋಣಿಚೀಲ ನೇತುಹಾಕಿದೆ. ಬಾಣಂತಿ ಖೋಲಿಯ ಹಾಗೆ ಆಯಿತು ಅಂತ ಅವ್ವ ನಕ್ಕಳು. ಎಳ್ಳ ಅಮಾವಾಸ್ಯೆಯ ದಿನ ತೋಟದಲ್ಲಿ ಚರಗ ಚೆಲ್ಲಿ ಬಂದ ಮೇಲೆ ಆಕೆ ಉಳಿದ ಒಂದು ಚೂರು ಸಜ್ಜಿ ಕಡುಬನ್ನು ಖೋಲಿಯ ಹೊಸ್ತಿಲ ಮೇಲೂ ಇಟ್ಟಳು. ಅದಕ್ಕೆ ಮರುದಿನ ಇರಿವಿ ಬಂದು ನಾನು ಕೂಗಾಡಿದೆ ಅನ್ನುವುದು ಬೇರೆ ಮಾತು.

ಜನವರಿಯ ಕೊನೆಯ ಹೊತ್ತಿಗೆ ಪಂಜರದ ಪರದೆಯ ಮೇಲೆಲ್ಲ ಕಪ್ಪು ಚುಕ್ಕೆಗಳು. ಎಣಿಸಿದಾಗ ನಾನೂರರ ಮೇಲಿದ್ದವು. ಅರವತ್ತರಿಂದ ನಾನೂರು! ಕೆಲವನ್ನು ಮುಂದಿನ ತಲೆಮಾರಿಗೆ ಖೋಲಿಯಲ್ಲೇ ಇಟ್ಟುಕೊಂಡು ಮುನ್ನೂರನ್ನು ತೋಟಕ್ಕೆ ಬಿಡುವುದು ಅಂತಾಯಿತು.

ತೋಟದಲ್ಲಿ ಎಣ್ಣೆ ನಿಲ್ಲಿಸಿ ಆಗಲೇ ಎರಡು ತಿಂಗಳಾಗಿತ್ತು. ಬಹಳ ಹತ್ತಿದ ಮರಗಳಿಗೆ ಮಾತ್ರ ಮೀನೆಣ್ಣೆ ರಾಳದ ಸೋಪನ್ನು ಲೀಟರಿಗೆ 25 ಗ್ರಾಮಿನಂತೆ ಹೊಡೆದಿದ್ದೆ. ಅದು ತಿಗಣೆಯ ಮೇಣವನ್ನು ಕರಗಿಸುತ್ತದೆ, ಒಣಗಿದ ಮೇಲೆ ಹುಳುವಿಗೆ ತೊಂದರೆ ಇಲ್ಲ. ಮರಕ್ಕೆ ಹತ್ತರಿಂದ ಇಪ್ಪತ್ತು ಹುಳು ಬಿಡಬೇಕು ಅಂದಿದ್ದರು. ನೂರಾ ಅರವತ್ತು ಮರಕ್ಕೆ ಹಂಚಿದರೆ ಮರಕ್ಕೆ ಎರಡೂ ಬರುವುದಿಲ್ಲ. ಮೊದಲ ಕಂತಿಗೆ ನೂರೈವತ್ತನ್ನು ತೆಗೆದುಕೊಂಡು, ತೋಟದ ಪಡುವಣ ಅಂಚಿನ, ಎಲ್ಲಕ್ಕಿಂತ ಹದಗೆಟ್ಟ ಹತ್ತು ಮರಕ್ಕೆ ಹದಿನೈದರಂತೆ ಬಿಟ್ಟೆವು. ಸಂಜೆ ಬಿಸಿಲು ಇಳಿದ ಮೇಲೆ ಕಾಗದದ ಪಟ್ಟಿಗಳನ್ನು ಟೊಂಗೆಯ ಸಂದಿಗೆ ಸಿಕ್ಕಿಸಿದರೆ ಹುಳುಗಳು ಸ್ವಲ್ಪ ಹೊತ್ತು ಮೀಸೆ ಆಡಿಸುತ್ತ ಕೂತು, ಆಮೇಲೆ ಕೆಲಸಕ್ಕೆ ಹೋದ ಹಾಗೆ ಒಂದೊಂದಾಗಿ ತಿಗಣೆಯ ಕಡೆ ನಡೆದವು.

ಮೂರನೆಯ ದಿನ ಬೆಳಿಗ್ಗೆ ಹೋದರೆ ಮರಗಳ ಕೆಳಗೆ ಅಂಗಾತ ಬಿದ್ದಿದ್ದವು. ಒಣ ಎಲೆಗಳ ಮೇಲೆ ಕಾಲು ಮಡಚಿಕೊಂಡು. ಆರಿಸಿದಷ್ಟೂ ಸಿಕ್ಕವು. ಮುಂಗಾಲು ಕಪ್ಪು, ಮುಂಗಾಲು ಕಪ್ಪು, ಮುಂಗಾಲು ಹಳದಿ. ನಾಲ್ಕು ತಿಂಗಳ ಕೆಲಸ ಅಂಗೈಯಲ್ಲಿ ಬಂತು.

ಪಡುವಣ ಬದುವಿನ ಆಚೆ ಆಪೂಸ್ ಮಾವಿನ ತೋಟ. ಫೆಬ್ರವರಿ ಅಂದರೆ ಮಾವಿಗೆ ಹೂವು, ಹೂವಿಗೆ ಜಿಗಿಹುಳು, ಜಿಗಿಹುಳಕ್ಕೆ ಇಮಿಡಾಕ್ಲೋಪ್ರಿಡ್. ಹಿಂದಿನ ದಿನ ಆ ತೋಟದಣ್ಣ ಟ್ರ್ಯಾಕ್ಟರಿನ ದೊಡ್ಡ ಪಂಪು ತರಿಸಿ ಹೊಡೆಸಿದ್ದ, ಗಾಳಿ ನಮ್ಮ ಕಡೆಗಿತ್ತು. ಜಗಳಕ್ಕೆ ಅಂತಲೇ ಹೋದೆ. ನೂರೈವತ್ತು ಹುಳು ಸತ್ತವು ಅಂತ ದೂರು ಕೊಡುವ ಮೊದಲ ರೈತ ನಾನೇ ಇದ್ದೇನು. ಅವನು ಬೀಡಿ ಆರಿಸಿ, "ಹುಳಾ ಸತ್ತವಂತ ಬೈಯ್ಯಾಕ ಬಂದೀಯೇನೋ ತಮ್ಮಾ? ನಾ ಎಣ್ಣಿ ಹೊಡದದ್ದ ಅದಕ್ಕಲ್ಲೇನು?" ಅಂದ. ಅವನ ಹೊಲ, ಅವನ ಮಾವು, ಅವನ ಎಣ್ಣೆ. ನಾನು ಹೇಳಿಯೂ ಇರಲಿಲ್ಲ. ಸಿಟ್ಟು ಇಳಿದ ಮೇಲೆ ಒಂದು ಮಾತಿಗೆ ಬಂದೆವು: ಹೊಡೆಯುವ ಹಿಂದಿನ ದಿನ ಫೋನ್ ಮಾಡುವುದು, ಬೆಳಿಗ್ಗೆ ಗಾಳಿ ನಿಂತಾಗ ಹೊಡೆಯುವುದು. ಮಾತನ್ನು ಆತ ಇಲ್ಲಿಯವರೆಗೆ ತಪ್ಪಿಲ್ಲ. ಆದರೆ ಪಡುವಣದ ಎರಡು ಸಾಲನ್ನು ನಾನು ಬಿಟ್ಟುಕೊಟ್ಟೆ. ಅಲ್ಲಿ ಈಗಲೂ ಸೋಪೇ ಗತಿ.

ಉಳಿದ ನೂರೈವತ್ತನ್ನು ಮೂಡಣ ಕಡೆ ಬಿಟ್ಟೆವು. ಇಲ್ಲಿ ಬೇರೆಯೇ ತರಲೆ. ಹುಳು ಸಾಯಲಿಲ್ಲ, ಆದರೆ ನಿಲ್ಲಲೂ ಇಲ್ಲ. ಒಂದು ಮಧ್ಯಾಹ್ನ ಊಟ ಬಿಟ್ಟು ಒಂದು ಟೊಂಗೆಯ ಮುಂದೆ ಕೂತು ನೋಡಿದೆ. ತಿಗಣೆಯ ಗುಂಪಿನ ಸುತ್ತ ಕಪ್ಪು ಇರಿವಿಗಳು ಪಹರೆ ನಿಂತಿದ್ದವು. ಒಂದು ಇರಿವಿ ಮೀಸೆಯಿಂದ ತಿಗಣೆಯ ಬೆನ್ನು ತಟ್ಟಿತು, ತಿಗಣೆ ಹಿಂಭಾಗ ಎತ್ತಿ ಒಂದು ಹನಿ ಬಿಟ್ಟಿತು, ಇರಿವಿ ಅದನ್ನು ಕುಡಿದು ಮುಂದಿನದಕ್ಕೆ ಹೋಯಿತು. ಥೇಟ್ ನಮ್ಮ ಕಾಕಾ ಎಮ್ಮೆ ಹಿಂಡುವ ಹಾಗೆ. ಅಷ್ಟರಲ್ಲಿ ನನ್ನ ಹುಳು ಒಂದು ಆ ಕಡೆಯಿಂದ ಬಂತು. ಎರಡು ಇರಿವಿ ಎದುರಾದವು. ಒಂದು ಅದರ ಕಾಲು ಕಚ್ಚಿತು. ಹುಳು ಮೈಯನ್ನೆಲ್ಲ ಚಿಪ್ಪಿನಡಿ ಎಳೆದುಕೊಂಡು ಸ್ವಲ್ಪ ಹೊತ್ತು ತಾಳಿತು, ಆಮೇಲೆ ಟೊಂಗೆ ಬಿಟ್ಟು ಕೆಳಗೆ ಉದುರಿತು.

ಇದನ್ನು ಹೇಳಿದಾಗ ಕಾಕಾ, "ಎಮ್ಮಿ ಕಳವಾಗಾಕ ಯಾರ ಬಿಡ್ತಾರೋ" ಅಂದರು. ಮುಂದಿನ ಉಪಾಯ ಅವರದೇ. ಕಾಂಡದ ಸುತ್ತ, ನೆಲದಿಂದ ಎರಡು ಅಡಿ ಮೇಲೆ, ಪ್ಲಾಸ್ಟಿಕ್ ಹಾಳೆಯ ಒಂದು ಗೇಣಗಲದ ಪಟ್ಟಿ ಬಿಗಿಯಾಗಿ ಸುತ್ತಿ ಅದರ ಮೇಲೆ ಗ್ರೀಸ್ ಬಳಿದೆವು. ತೊಗಟೆಗೇ ಗ್ರೀಸ್ ಬಳಿದರೆ ಮರಕ್ಕೆ ಕೆಡುಕು, ಅದಕ್ಕೇ ಪ್ಲಾಸ್ಟಿಕ್. ಎರಡು ದಿನ ಇರಿವಿಗಳು ಪಟ್ಟಿಯ ಕೆಳಗೆ ಸಂತೆಯ ಹಾಗೆ ನೆರೆದವು. ಮೂರನೆಯ ದಿನ ಮತ್ತೆ ಮೇಲಿದ್ದವು. ಹೇಗೆ? ನೆಲಕ್ಕೆ ಬಾಗಿದ ಟೊಂಗೆ ಒಂದು, ಮರಕ್ಕೆ ಒರಗಿದ ಹುಲ್ಲಿನ ದಂಟು ಇನ್ನೊಂದು, ನಾನೇ ಒರಗಿಸಿಟ್ಟಿದ್ದ ಸಲಿಕೆಯ ಕಾವು ಮತ್ತೊಂದು. ನೆಲ ಮುಟ್ಟುವ ಟೊಂಗೆಗಳನ್ನೆಲ್ಲ ಕತ್ತರಿಸಿ, ಬುಡದ ಕಸ ತೆಗೆದು, ಅಕ್ಕಪಕ್ಕದ ಮರಗಳ ರೆಂಬೆ ಒಂದಕ್ಕೊಂದು ತಾಗದ ಹಾಗೆ ಸವರಿ ಬರುವಷ್ಟರಲ್ಲಿ ಮಾರ್ಚ್ ಬಂತು. ಗ್ರೀಸಿನ ಮೇಲೆ ಧೂಳು ಕೂತರೆ ಅದು ಇರಿವಿಗೆ ಡಾಂಬರು ರಸ್ತೆ. ವಾರಕ್ಕೊಮ್ಮೆ ಕೆರೆದು ಹೊಸದು ಬಳಿಯಬೇಕು. ಇಡೀ ಕೆಲಸದಲ್ಲಿ ಬೆವರು ಹರಿದದ್ದು ಇಲ್ಲೇ, ಕುಂಬಳಕಾಯಿ ಖೋಲಿಯಲ್ಲಲ್ಲ.

ಮಗಳು ಆರು ಮರಗಳಿಗೆ ಕೆಂಪು ದಾರ ಕಟ್ಟಿದ್ದಳು. ಮೂರಕ್ಕೆ ಗ್ರೀಸ್ ಪಟ್ಟಿ, ಮೂರಕ್ಕೆ ಇಲ್ಲ, ಆರಕ್ಕೂ ಹುಳು. ಪ್ರತಿ ಮರದಲ್ಲಿ ನಾಲ್ಕು ಟೊಂಗೆ, ತುದಿಯ ಒಂದು ಗೇಣಿನಲ್ಲಿರುವ ತಿಗಣೆ ಎಣಿಸಿ ಪ್ರತಿ ರವಿವಾರ ನೋಟ್‌ಬುಕ್ಕಿನಲ್ಲಿ ಬರೆಯುವುದು. ಶುರುವಿನಲ್ಲಿ ಎಲ್ಲ ಮರದಲ್ಲೂ ಟೊಂಗೆಗೆ ನಲವತ್ತರ ಆಸುಪಾಸು ಇತ್ತು. ಏಪ್ರಿಲ್ ಮಧ್ಯದ ಹೊತ್ತಿಗೆ ಪಟ್ಟಿ ಕಟ್ಟಿದ ಮರಗಳಲ್ಲಿ ಟೊಂಗೆಗೆ ಮೂರು, ನಾಲ್ಕು, ಒಂದರಲ್ಲಿ ಸೊನ್ನೆ. ಪಟ್ಟಿ ಇಲ್ಲದವುಗಳಲ್ಲಿ ಮೂವತ್ತರ ಕೆಳಗೆ ಇಳಿದೇ ಇರಲಿಲ್ಲ. ಆಮೇಲೆ ಅವಕ್ಕೂ ಕಟ್ಟಿದೆವು, ಲೆಕ್ಕ ಅಲ್ಲಿಗೆ ನಿಂತಿತು. ಮಗಳಿಗೆ ಇದು ಸರಿ ಬರಲಿಲ್ಲ, ಪ್ರಯೋಗ ಕೆಡಿಸಿದಿರಿ ಅಂತ ಎರಡು ದಿನ ಮಾತು ಬಿಟ್ಟಳು.

ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ತೊಗಟೆಯ ಬಿರುಕಿನಲ್ಲಿ, ಉದುರದೆ ಉಳಿದ ಒಣ ಎಲೆಯ ಮಡಿಕೆಯಲ್ಲಿ ಕ್ರಿಪ್ಟೋಲೇಮಸ್ಸಿನ ಕೋಶಗಳು ಕಂಡವು. ಬಿಳಿ ನೂಲು ಇನ್ನೂ ಮೈಮೇಲಿತ್ತು, ಹಿಂಭಾಗ ತೊಗಟೆಗೆ ಅಂಟಿತ್ತು. ಅಂದರೆ ನಾವು ಬಿಟ್ಟವಲ್ಲ, ಬಿಟ್ಟವುಗಳ ಮಕ್ಕಳು, ನಮ್ಮ ತೋಟದಲ್ಲೇ ಹುಟ್ಟಿದವು. ಕಾಕಾ ಬೆರಳಿನಿಂದ ಒಂದನ್ನು ತೋರಿಸಿ, ಮುಟ್ಟದೆ, "ಇದು ಓಡೂದಿಲ್ಲ, ಆದ್ರೂ ಕೊಲ್ಲಬಾರ್ದು, ಹೌದಿಲ್ಲೋ?" ಅಂತ ಮಗಳನ್ನು ಕೇಳಿದರು.

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾದೀತು. ಕಪ್ಪು ಬೂಷ್ಟು ಎಲೆಗಳ ಮೇಲೆ ಹಾಗೇ ಉಳಿಯಿತು, ಜೂನಿನ ಮಳೆ ತೊಳೆಯುವವರೆಗೆ. ಈ ಹುಳು ಹಿಟ್ಟು ತಿಗಣೆಯ ಕೆಲಸಕ್ಕೆ ಬಂದದ್ದು, ಹಣ್ಣಿನ ನೊಣದ ಗೊಡವೆ ಅದಕ್ಕಿಲ್ಲ. ನೊಣಕ್ಕೆ ಅಂತ, ಅದನ್ನು ವಾಸನೆಯಿಂದ ಸೆಳೆಯುವ ಮಿಥೈಲ್ ಯೂಜಿನಾಲಿನ ಬಲೆಗಳನ್ನು ತೂಗುಹಾಕಿದ್ದೇವೆ, ಅದರ ಕಥೆ ಬೇರೆ. ತಿಗಣೆ ಪೂರ್ತಿ ಹೋಗುವುದೂ ಇಲ್ಲ. ಹೋದರೆ ಹುಳು ಹಸಿವಿನಿಂದ ಸಾಯುತ್ತದೆ, ಇಲ್ಲವೆ ಹಾರಿಹೋಗುತ್ತದೆ. ಅಲ್ಲಲ್ಲಿ ನಾಲ್ಕು ತಿಗಣೆ ಕಂಡರೆ ಕೈ ಕಟ್ಟಿಕೊಂಡು ನಿಲ್ಲುವುದನ್ನು ಕಾಕಾ ನನಗಿಂತ ಬೇಗ ಕಲಿತರು. ನನಗೆ ಈಗಲೂ ಬೆರಳು ತುರಿಸುತ್ತದೆ. ಈ ವರ್ಷದ ಚಳಿಗಾಲದ ಹಣ್ಣಿಗೆ ಅದೇ ಗುತ್ತಿಗೆದಾರ ಬಂದ, ಒಂದು ಹಣ್ಣು ಕಿತ್ತ, ಲುಂಗಿಗೆ ಒರೆಸಿದ, ತಿಂದ. ಬೆಲೆಯಲ್ಲಿ ಮಾತ್ರ ಹಿಂದಿನಂತೆಯೇ ಕೊಸರಾಡಿದ.

ಮಳೆಗಾಲದಲ್ಲಿ ಹುಳುಗಳು ಕಾಣಲಿಲ್ಲ. ಹೊರಗೆ ಮಳೆ ತಿಗಣೆಯನ್ನು ತೊಳೆದುಕೊಂಡು ಹೋಯಿತು, ಒಳಗೆ ಖೋಲಿಯಲ್ಲಿದ್ದ ಪೀಳಿಗೆ ಆಗಸ್ಟಿನಲ್ಲಿ ಕುಂಬಳಕಾಯಿಗಳಿಗೆ ಬೂಷ್ಟು ಬಂದು ಕ್ಷೀಣಿಸಿತು. ಅಕ್ಟೋಬರಿನಲ್ಲಿ ಎಣಿಸಿದರೆ ಹತ್ತೊಂಬತ್ತು ಹುಳು. ಕಾಯಿ ಹೊಸವು ಸಿದ್ಧ ಇದ್ದವು, ಗಾಯಕ್ಕೆ ಮೇಣ ಹಚ್ಚಿ ಆಗಿತ್ತು, ನೀರಿನ ಬಟ್ಟಲು ಇಟ್ಟಾಗಿತ್ತು. ಆದರೆ ಅವುಗಳ ಮೇಲೆ ಬಿಡಲು ತಿಗಣೆಯೇ ಇಲ್ಲ. ತೋಟವೆಲ್ಲ ಸುತ್ತಿದೆ, ನಾಲ್ಕು ಮೊಟ್ಟೆಚೀಲ ಸಿಗಲಿಲ್ಲ. ಹಿತ್ತಲ ದಾಸವಾಳ ಹಸಿರು ಹೊಳೆಯುತ್ತ ನಿಂತಿತ್ತು, ಹುಳು ಅಲ್ಲಿಗೂ ಹಾರಿ ಹೋಗಿ ತಿಂದುಮುಗಿಸಿತ್ತು.

ಕೊನೆಗೆ ಒಂದು ಸಂಜೆ ತಟ್ಟೆ, ಕುಂಚ ಹಿಡಿದು ಮಾವಿನ ತೋಟದಣ್ಣನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದವ ನನ್ನ ಕೈಯಲ್ಲಿದ್ದದ್ದನ್ನು ನೋಡಿ ಎದ್ದು ನಿಂತ.

"ಏನೋ ತಮ್ಮಾ, ಮತ್ತ ಯಾರ ಸತ್ತರು?"

"ಯಾರೂ ಇಲ್ಲಣ್ಣಾ. ನಿಮ್ಮ ಹಿತ್ತಲ ದಾಸಾಳಕ್ಕ ಬಿಳಿ ಹುಳ ಹತ್ತೇತಂತಲ್ಲ... ಸ್ವಲ್ಪ ಕೊಡ್ತೀರೇನು?"

ಅವನು ಒಳಗೆ ತಿರುಗಿ ಹೆಂಡತಿಗೆ ಕೂಗಿ ಹೇಳಿದ: "ಲೇ, ಆ ಗಿಡಕ್ಕ ಎಣ್ಣಿ ಹೊಡೀಬ್ಯಾಡಂತ ತಡೀ. ಗಿರಾಕಿ ಬಂದಾರ."